ಬಾಣಂತಿ ಕೋಣೆಯ ಕೆಮ್ಮು

ಕೂಸು ಅಳುತ್ತಿರಲಿಲ್ಲ, ಕೆಮ್ಮುತ್ತಲೂ ಇರಲಿಲ್ಲ. ಹಾನಗಲ್ಲಿನ ಒಂದು ಮಕ್ಕಳ ಆಸ್ಪತ್ರೆಯಲ್ಲಿ ತಾಯಿಯ ತೊಡೆಯ ಮೇಲೆ ಸುಮ್ಮನೆ ಮಲಗಿತ್ತು. ಹಾಗೆ ಮಲಗಿದ್ದದ್ದು ಇದ್ದಕ್ಕಿದ್ದಂತೆ ಉಸಿರು ನಿಲ್ಲಿಸಿತು. ತುಟಿ ಬೂದಿಯ ಬಣ್ಣಕ್ಕೆ ತಿರುಗಿ, ನೋಡನೋಡುತ್ತಿದ್ದಂತೆ ನೇರಳೆಯಾಯಿತು. ತಾಯಿ ಚೀರಿದಳು. ನರ್ಸ್ ಓಡಿಬಂದು ಅಂಗಾಲಿಗೆ ಬೆರಳಿನಿಂದ ಹೊಡೆದಳು, ಬೆನ್ನು ಉಜ್ಜಿದಳು, ಆಕ್ಸಿಜನ್ ನಳಿಗೆಯನ್ನು ಮೂಗಿನ ಹತ್ತಿರ ಹಿಡಿದಳು. ಒಂದು ಬಿಕ್ಕು ಬಂತು. ಆಮೇಲೆ ಸಣ್ಣದೊಂದು ಅಳು. ಆ ಅಳು ಕೇಳಿದ ಮೇಲೆ ವಾರ್ಡಿನಲ್ಲಿದ್ದ ನಾವೆಲ್ಲ ಉಸಿರು ಬಿಟ್ಟೆವು.

ಆ ಹೊತ್ತಿಗೆ ನಾನು ಅಲ್ಲಿದ್ದದ್ದು ಚಿಕಿತ್ಸೆ ಕೊಡುವುದಕ್ಕಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಎಳೆಯ ಮಕ್ಕಳಲ್ಲಿ ನ್ಯುಮೋನಿಯಾ ಎಷ್ಟಿದೆ, ಅದಕ್ಕೆ ಕೊಡುವ ಲಸಿಕೆ ಎಷ್ಟು ಕಾಯುತ್ತಿದೆ ಎಂಬುದನ್ನು ತಿಳಿಯುವ ಅಧ್ಯಯನವೊಂದರ ಕ್ಷೇತ್ರಕಾರ್ಯ ನನ್ನ ಪಾಲಿಗಿತ್ತು. ದಾಖಲಾದ ಮಕ್ಕಳಲ್ಲಿ ಯಾರು ನಮ್ಮ ಲೆಕ್ಕಕ್ಕೆ ಬರುತ್ತಾರೆ ಎಂದು ನೋಡಲು ಪ್ರತಿದಿನ ಆಸ್ಪತ್ರೆಗಳಿಗೆ ಹೋಗುತ್ತಿದ್ದೆ. ಉಸಿರಾಟದ ವೇಗ, ಪಕ್ಕೆ ಒಳಸೆಳೆತ, ಎಕ್ಸ್‌ರೇಯಲ್ಲಿ ಬಿಳಿ ಕಲೆ, ಇವು ಇದ್ದರೆ ನಮ್ಮ ಮಗು. ಈ ಕೂಸಿಗೆ ಜ್ವರವೂ ಇರಲಿಲ್ಲ, ಎಕ್ಸ್‌ರೇ ಸ್ವಚ್ಛವಾಗಿತ್ತು.

"ಇದು ನಿಮ್ಮ ಕೇಸ್ ಅಲ್ರಿ ಮೇಡಂ," ಎಂದರು ಮಕ್ಕಳ ವೈದ್ಯರು. "ಹಾಲು ಶ್ವಾಸನಾಳಕ್ಕ ಹೋಗಿರಬೇಕು."

ನಾನು ರಕ್ತಪರೀಕ್ಷೆಯ ಚೀಟಿ ನೋಡುತ್ತಿದ್ದೆ. ಬಿಳಿ ರಕ್ತಕಣಗಳು ಆ ವಯಸ್ಸಿಗೆ ಇರಬೇಕಾದದ್ದಕ್ಕಿಂತ ಬಹಳ ಹೆಚ್ಚಿದ್ದವು, ಅವುಗಳಲ್ಲೂ ಲಿಂಫೋಸೈಟು ಎಂಬ ಬಗೆಯದೇ ರಾಜ್ಯ. ಜ್ವರವಿಲ್ಲದೆ ಹೀಗೇಕೆ ಎಂದು ಯೋಚಿಸಿದಾಗ ಹೊಳೆದದ್ದು ಒಂದೇ.

"ನಾಯಿಕೆಮ್ಮು ಇರಬೌದೇನ್ರಿ ಸರ್?"

ಅವರು ನಕ್ಕರು. "ಕೆಮ್ಮ ಇಲ್ಲದ ನಾಯಿಕೆಮ್ಮ?"

"ಇಷ್ಟ ಸಣ್ಣ ಕೂಸಿಗೆ ಕೆಮ್ಮಾಕ ಶಕ್ತಿ ಎಲ್ಲಿರತೈತ್ರಿ? ದೊಡ್ಡ ಮಕ್ಕಳು ಕೆಮ್ಮತಾವ, ಇವು ಉಸಿರು ನಿಲ್ಲಸತಾವ."

ಅವರ ನಗು ನಿಂತಿತು. ಮೂಗಿನ ಮಾದರಿ ತೆಗೆಯಲು ಒಪ್ಪಿದರು. ನಮ್ಮ ಪೆಟ್ಟಿಗೆಯಲ್ಲಿ ನೈಲಾನ್ ತುದಿಯ ತೆಳುವಾದ ಕಡ್ಡಿಗಳಿದ್ದವು. ಈ ಪರೀಕ್ಷೆಗೆ ಹತ್ತಿ ಸುತ್ತಿದ ಕಡ್ಡಿ ನಡೆಯುವುದಿಲ್ಲ. ಕಡ್ಡಿಯನ್ನು ಮೇಲ್ಮುಖವಾಗಿ ತಳ್ಳದೆ, ಅಂಗುಳಕ್ಕೆ ಸಮಾನಾಂತರವಾಗಿ ನೇರ ಹಿಂದಕ್ಕೆ ಒಯ್ದು, ತುದಿ ತಡೆದಲ್ಲಿ ಕೆಲವು ಕ್ಷಣ ಹಾಗೇ ಹಿಡಿದು ತಿರುಗಿಸಿ ತೆಗೆಯಬೇಕು. ನಮ್ಮ ತಂಡದ ನರ್ಸ್ ಕೂಸಿನ ತಲೆ ಹಿಡಿದರು, ನಾನು ತೆಗೆದೆ. ಅದಾದ ಮೇಲೆಯೇ ಅಜಿತ್ರೋಮೈಸಿನ್ ಶುರುಮಾಡಿದರು. ಔಷಧ ಬಿದ್ದ ಮೇಲೆ ಮೂಗಿನಲ್ಲಿ ರೋಗಾಣು ಸಿಗುವುದು ಕಷ್ಟ. ಮಾದರಿ ಮಂಜುಗಡ್ಡೆಯ ಡಬ್ಬಿಯಲ್ಲಿ ಅದೇ ದಿನ ಹುಬ್ಬಳ್ಳಿ ಬಸ್ಸು ಹತ್ತಿ, ಅಲ್ಲಿಂದ ಮುಂದೆ ಪ್ರಯೋಗಾಲಯಕ್ಕೆ ಹೋಯಿತು.

ಕೂಸು ತಿಳವಳ್ಳಿ ಹತ್ತಿರದ ಹಳ್ಳಿಯದು. ತಿಂಗಳು ತುಂಬಿ ಕೆಲವೇ ದಿನವಾಗಿತ್ತು. ನಾಯಿಕೆಮ್ಮಿನ ಮೊದಲ ಲಸಿಕೆ ಬೀಳುವುದು ಒಂದೂವರೆ ತಿಂಗಳಿಗೆ. ಗರ್ಭಿಣಿಯರಿಗೆ ಇಲ್ಲಿ ಕೊಡುವ ಚುಚ್ಚುಮದ್ದಿನಲ್ಲಿ ಧನುರ್ವಾಯು, ಗಂಟಲಮಾರಿಗೆ ತಡೆ ಇದೆ, ನಾಯಿಕೆಮ್ಮಿಗೆ ಇಲ್ಲ. ಆದ್ದರಿಂದ ಹುಟ್ಟಿದಾಗಿನಿಂದ ಮೊದಲ ಸೂಜಿಯವರೆಗೆ ಕೂಸಿಗೆ ಗೋಡೆಯೇ ಇರುವುದಿಲ್ಲ. ಸುತ್ತಲಿನವರು ಕೆಮ್ಮದಿದ್ದರೆ ಬಚಾವು.

ಅದೇ ವಾರ ಬಂಕಾಪುರದ ಆಚೆ ಒಂದು ಹಳ್ಳಿಯ ಅಂಗನವಾಡಿಗೆ ಹೋದೆವು. ಅಂದು ಲಸಿಕೆಯ ದಿನ. ಆರೋಗ್ಯವಂತ ಮಕ್ಕಳ ಮೂಗಿನ ಮಾದರಿ ತೆಗೆಯುವುದು ನಮ್ಮ ಕೆಲಸವಾಗಿತ್ತು. ಚಾಪೆ ಹಾಸಿತ್ತು, ಲಸಿಕೆಯ ಡಬ್ಬಿ ಇತ್ತು, ತಾಯಂದಿರು ಮಾತ್ರ ಒಬ್ಬರೂ ಇರಲಿಲ್ಲ. ಆಶಾ ಕಾರ್ಯಕರ್ತೆ ಬಾಗಿಲಲ್ಲಿ ಕುಂತಿದ್ದರು.

"ಯಾರೂ ಬರೂದಿಲ್ರಿ ಅಕ್ಕಾರ," ಎಂದರು. "ಇಲ್ಲೊಂದು ಕೂಸು ಹೋತ್ರಿ. ಹಸಿಗೂಸು. ಅದರ ಅಕ್ಕಗ ಆ ವಾರನ ನಾವು ಇಲ್ಲಿ ಸೂಜಿ ಮಾಡಿದ್ವಿ. ದೊಡ್ಡಾಕಿಗೆ ಚುಚ್ಚಿದ್ದು ಸಣ್ಣಾಕಿಗೆ ತಟ್ಟಿತು ಅಂತ ಊರೆಲ್ಲಾ ಮಾತು. ಅವರ ಅತ್ತಿಯಂತೂ ಸೊಸಿಗೆ, ನೀನ ಸೂಜಿ ಮಾಡಿಸಿ ಕೊಂದಿ ಅಂತಾಳ."

"ಕೂಸಿಗೆ ಏನಾಗಿತ್ತು?"

"ಏನೂ ಆಗಿದ್ದಿಲ್ರಿ. ಮಲೀ ಕುಡಿತಾ ಕುಡಿತಾ ನೀಲಿಗಟ್ಟಿತಂತ."

ಅದೇ ನೀಲಿ, ಹಾನಗಲ್ಲಿನ ಆಸ್ಪತ್ರೆಯಲ್ಲಿ ಕಂಡದ್ದು. ಆ ಕೂಸನ್ನು ಆಗಲೇ ಮಣ್ಣು ಮಾಡಿದ್ದರು. ಅದರ ಮಾದರಿ ಇಲ್ಲ, ಇನ್ನು ಸಿಗುವುದೂ ಇಲ್ಲ. ಅಕ್ಕಪಕ್ಕದ ಊರುಗಳಲ್ಲೂ ಲಸಿಕೆ ನಿಂತಿತ್ತು.

ನಾಲ್ಕೈದು ದಿನಗಳ ಮೇಲೆ ಪ್ರಯೋಗಾಲಯದಿಂದ ಫೋನ್ ಬಂತು. ನಾವು ಕಳಿಸಿದ ನಳಿಗೆಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಮಂಜುಗಡ್ಡೆ ಕರಗಿದ ನೀರು ಒಳಗೆ ಹೋಗಿತ್ತು, ಮಾದರಿ ಪರೀಕ್ಷೆಗೆ ಯೋಗ್ಯವಲ್ಲ. ಮುಚ್ಚಳ ತಿರುಗಿಸಿದವಳು ನಾನೇ. ಆಸ್ಪತ್ರೆಗೆ ಹೋಗಿ ಮತ್ತೊಂದು ಮಾದರಿ ತೆಗೆದೆವು. ಆದರೆ ಕೂಸು ಔಷಧದ ಮೇಲಿತ್ತು, ಫಲಿತಾಂಶದ ಆಸೆ ಇರಲಿಲ್ಲ. ನಮ್ಮ ಮುಖ್ಯ ಸಂಶೋಧಕರು ಫೋನಿನಲ್ಲಿ, ಖಚಿತವಾಗುವವರೆಗೆ ಯಾರಿಗೂ ಹೆದರಿಕೆ ಹುಟ್ಟಿಸಬೇಡಿ ಎಂದರು. ಇನ್ನೊಂದನ್ನೂ ಹೇಳಿದರು: ಸುತ್ತಲಿನ ಮಕ್ಕಳಿಗೆಲ್ಲ ಅಜಿತ್ರೋಮೈಸಿನ್ ಕುಡಿಸಿದರೆ ಅವರ ಮೂಗಿನ ಮಾದರಿ ನಮ್ಮ ಅಧ್ಯಯನಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಎರಡೂ ಮಾತು ಸರಿಯೇ ಇದ್ದವು.

ಆ ಮಾತಿನ ಮರುದಿನ ಎರಡನೆಯ ಕೂಸು ಬಂತು. ಹಾನಗಲ್ಲ ಪೇಟೆಯ ಕಿರಾಣಿ ವ್ಯಾಪಾರಿಯ ಮೊಮ್ಮಗ. ಅದೇ ನೀಲಿ ತುಟಿ, ಅದೇ ರಕ್ತದ ಚೀಟಿ. ಈ ಸಲ ಔಷಧಕ್ಕೆ ಮೊದಲೇ ಮಾದರಿ ತೆಗೆದು, ಮುಚ್ಚಳದ ಸುತ್ತ ಪಟ್ಟಿ ಸುತ್ತಿ, ನಾನೇ ಹುಬ್ಬಳ್ಳಿಯವರೆಗೆ ಒಯ್ದು ಕೊಟ್ಟೆ. ಫಲಿತಾಂಶಕ್ಕೆ ಕಾಯಬೇಕಿತ್ತು. ಕಾಯುತ್ತ ಕೂರುವುದಕ್ಕಂತೂ ಆಗುತ್ತಿರಲಿಲ್ಲ. ಯಾರೋ ಒಬ್ಬರು ಎಲ್ಲೋ ಕೆಮ್ಮುತ್ತಿದ್ದರು.

ಮನೆಮನೆಗೆ ಹೋಗಿ ಕೇಳಿದೆವು: ಮನೆಯಲ್ಲಿ ಯಾರಿಗೆ ಕೆಮ್ಮಿದೆ? ಸುಗ್ಗಿಯ ಕಾಲ. ರಸ್ತೆಯ ಅರ್ಧಕ್ಕೆ ಗೋವಿನಜೋಳ ಹರವಿದ್ದರು, ಅದರ ಧೂಳು. ಮಾಳಿಗೆಯ ಮೇಲೆಲ್ಲ ಮೆಣಸಿನಕಾಯಿ, ಅದರ ಘಾಟು. "ಯಾರಿಗೆ ಕೆಮ್ಮಿಲ್ಲ ಅಂತ ಕೇಳ್ರಿ," ಎಂದು ತಿಳವಳ್ಳಿ ಕಡೆಯ ಒಬ್ಬ ಯಜಮಾನರು ನಕ್ಕರು. ಕೆಮ್ಮುತ್ತಿದ್ದ ಅಣ್ಣ, ಅತ್ತೆ, ಮಾವ ಎಲ್ಲರ ಮಾದರಿ ತೆಗೆದೆವು. ಆದರೆ ಅವರ ಕೆಮ್ಮು ಎರಡು ದಿನ ಇದ್ದು ಹೋಗುವಂಥದ್ದು. ತಿಳವಳ್ಳಿ, ಹಾನಗಲ್ಲ, ಬಂಕಾಪುರದ ಕಡೆಯ ಆ ಮೂರು ಮನೆಗಳಿಗೆ ಒಂದಕ್ಕೊಂದು ಸಂಬಂಧವೇ ಕಾಣಲಿಲ್ಲ. ಊರು ಬೇರೆ, ಜಾತಿ ಬೇರೆ, ಸಂತೆ ಬೇರೆ. ಬಾಣಂತಿಯರು ಮನೆ ಬಿಟ್ಟು ಹೊರಗೆ ಬಂದವರಲ್ಲ.

ಬಂಕಾಪುರದ ರಸ್ತೆಯ ಇನ್ನೊಂದು ಹಳ್ಳಿಗೆ ಹೋದದ್ದು ನಮ್ಮ ಮಾಮೂಲಿ ಕೆಲಸಕ್ಕೆ. ಅಧ್ಯಯನದಲ್ಲಿದ್ದ ಒಬ್ಬ ಹುಡುಗನ ಭೇಟಿಯಿತ್ತು. ಆ ಮನೆಯಲ್ಲಿ ಅವನ ಚಿಕ್ಕಮ್ಮ ಬಾಣಂತಿ. ಬೆಳಗಿನ ಹೊತ್ತು, ಬಚ್ಚಲಲ್ಲಿ ಕೂಸಿಗೆ ಎರೆಯುತ್ತಿದ್ದರು. ಬಾಗಿಲು ತೆರೆದಿತ್ತು, ಹಬೆ ಹೊರಗೆ ಬರುತ್ತಿತ್ತು. ವಯಸ್ಸಾದ ಹೆಂಗಸೊಬ್ಬಳು ಮಣೆಯ ಮೇಲೆ ಕೂತು ಕಾಲು ಚಾಚಿ, ಕಾಲುಗಳ ನಡುವೆ ಕೂಸನ್ನು ಬೋರಲು ಮಲಗಿಸಿಕೊಂಡು ಬಿಸಿನೀರು ಹುಯ್ಯುತ್ತಿದ್ದಳು. ಎಂಥ ಹದವಾದ ಕೈ! ಕೂಸು ಅಳದೆ ನಿದ್ದೆಗೆ ಜಾರುತ್ತಿತ್ತು. ನನ್ನ ಮಗಳನ್ನೂ ಧಾರವಾಡದಲ್ಲಿ ಇಂಥವಳೊಬ್ಬಳು ಎರೆದಿದ್ದಳು. ನಾನು ನಿಂತು ನೋಡಿದ್ದು ಆ ನೆನಪಿಗೇ.

ಆಗ ಆಕೆ ಮುಖ ಅತ್ತ ತಿರುಗಿಸಿ ಸೆರಗಿಗೆ ಕೆಮ್ಮಿದಳು. ಕೆಮ್ಮು ನಿಲ್ಲಲಿಲ್ಲ. ಉಸಿರು ಎಳೆದುಕೊಳ್ಳುವುದಕ್ಕೂ ಬಿಡದಂತೆ ಒಂದರ ಬೆನ್ನಿಗೆ ಒಂದು ಬಂದು, ಮುಖ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿ, ಕೊನೆಗೊಂದು ಓಕರಿಕೆಯಲ್ಲಿ ಮುಗಿಯಿತು. ಆಕೆ ಕಣ್ಣೊರೆಸಿಕೊಂಡು ಕೂಸನ್ನು ಎತ್ತಿ ತಿರುಗಿಸಿದಳು. ಮೂಗಿಗೆ ನೀರು ಹೋಗಿರುತ್ತದೆಂದು ಅದರ ಮೂಗಿಗೆ ಬಾಯಿ ಹಚ್ಚಿ ಊದಿದಳು. ಒಂದು ಹೊಳ್ಳೆ, ಆಮೇಲೆ ಇನ್ನೊಂದು.

ಆ ಮೂರು ಮನೆಗಳಲ್ಲಿ ಕೂಸಿಗೆ ಎರೆದವರು ಯಾರು ಎಂದು ನಾವು ಕೇಳಿರಲೇ ಇಲ್ಲ.

ಹೊರಗೆ ಬಂದು ಮೊದಲು ತಿಳವಳ್ಳಿಯ ತಾಯಿಗೆ ಫೋನ್ ಮಾಡಿದೆ. "ಕೂಸಿಗೆ ಎರದವರು ಯಾರವ್ವಾ?"

"ಸವಣೂರ ಆಯಿ ರೀ. ಅವರ ಕೈಗುಣ ಚಲೋ ಅಂತ ಕರಿಸಿದ್ವಿ. ಒಂದ ವಾರ ಇದ್ದು ಹೋದ್ರು. ಕೂಸಿಗೆ ಹಿಂಗಾಗಿದ್ದು ಅವರು ಹೋದ ಮ್ಯಾಲೆ."

ಹಾನಗಲ್ಲಿನ ವ್ಯಾಪಾರಿಯ ಮನೆಯಲ್ಲೂ ಅದೇ ಉತ್ತರ. ಬಂಕಾಪುರದ ಕಡೆಯ ಆಶಾ ಕಾರ್ಯಕರ್ತೆಯನ್ನು ಕೇಳಿದೆ, ಅಲ್ಲಿಯೂ ಅದೇ. ರೋಗಾಣು ಹೊಕ್ಕು ಲಕ್ಷಣ ಕಾಣುವುದಕ್ಕೆ ವಾರ ಹತ್ತು ದಿನ ಬೇಕು. ಅಷ್ಟರೊಳಗೆ ಆಯಿ ಮುಂದಿನ ಮನೆಗೆ ಹೋಗಿರುತ್ತಿದ್ದಳು. ನಾವು ಕೇಳುತ್ತಿದ್ದದ್ದು ಮನೆಯಲ್ಲಿ ಯಾರು ಕೆಮ್ಮುತ್ತಾರೆ ಎಂದು. ಆಕೆ ಮನೆಯವಳಲ್ಲ, ಆಗ ಅಲ್ಲಿ ಇದ್ದವಳೂ ಅಲ್ಲ. ಅಂದು ಆ ಮನೆಯಲ್ಲಿ ಎರೆಯುವ ಕೆಲಸವೂ ಮುಗಿದು, ಮಧ್ಯಾಹ್ನದ ಬಸ್ಸಿಗೆ ಸವಣೂರಿಗೆ ಹೊರಟಿದ್ದಳು.

ನಾನು ನೇರ ತಾಲೂಕಿನ ಆರೋಗ್ಯಾಧಿಕಾರಿಯ ಹತ್ತಿರ ಹೋದೆ. ಆ ಮನೆಯ ಕೂಸಿಗೆ, ಮನೆಯವರೆಲ್ಲರಿಗೆ ತಕ್ಷಣ ಔಷಧ ಬೇಕಿತ್ತು. ಅದನ್ನು ಬರೆಯುವ ಅಧಿಕಾರ ಅವರದು. ಎಲ್ಲ ಕೇಳಿ ಅವರು ತಡಮಾಡದೆ ಔಷಧ ಕಳಿಸಿದರು. ಆಮೇಲೆ ಕುರ್ಚಿಗೆ ಒರಗಿ ಕೇಳಿದರು.

"ಹಂಗಾರ ಸೂಜಿಯಿಂದ ಅಲ್ಲ?"

"ಅಲ್ರಿ."

"ಹೇಳಿಬಿಡೂನಲ್ರಿ ಮತ್ತ. ಸೂಜಿಯಿಂದಲ್ಲ, ಸವಣೂರ ಮುದಕಿ ಕೆಮ್ಮಿನಿಂದ ಅಂತ ಇವತ್ತ ಊರೂರಿಗೆ ಹೇಳಿ ಕಳಸತೇನಿ. ನಾಳೆ ತಾಯಂದ್ರು ತಾವಾಗೇ ಬರ್ತಾರ."

"ಆಕಿ ಮನಿ ಮ್ಯಾಲೆ ಕಲ್ಲು ಬೀಳತಾವ್ರಿ ಸರ್. ಒಂದು ಕೂಸು ಸತ್ತೈತಿ."

"ಇಲ್ಲಿ ಲಸಿಕಾ ನಿಂತೈತಿ. ದಡಾರ ಬಂದ್ರ ಎಷ್ಟ ಕೂಸು ಹೋಗತಾವ ಅಂತ ನಿಮಗ ಹೇಳಿಕೊಡಬೇಕೇನು? ಒಬ್ಬಾಕಿ ಹೆಸರು ಉಳಸಾಕ ಊರ ಮಕ್ಕಳನ್ನ ಬಿಡೂದೇನು?"

ಅವರು ಕೆಟ್ಟವರಾಗಿರಲಿಲ್ಲ. ಅವರ ಮಾತಿಗೆ ತೂಕವಿತ್ತು. ಅದೇ ಕಷ್ಟ. ಖಚಿತ ಫಲಿತಾಂಶವೂ ನನ್ನ ಕೈಯಲ್ಲಿರಲಿಲ್ಲ, ಇದ್ದದ್ದು ಬಚ್ಚಲ ಬಾಗಿಲಲ್ಲಿ ಕಂಡ ಒಂದು ಕೆಮ್ಮು. ಆದರೂ ಹೇಳಿದೆ.

"ಆಕಿ ಈ ತಿಂಗಳು ಇನ್ನ ಯಾರ್ಯಾರ ಮನ್ಯಾಗ ಎರದಾಳ ಅಂತ ನಮಗ ಗೊತ್ತಿಲ್ರಿ. ಆಕಿ ಒಬ್ಬಾಕಿಗೇ ಗೊತ್ತು. ಹೆಸರು ಹೊರಗ ಬಿತ್ತು ಅಂದ್ರ ಆಕಿ ಬಾಯಿ ಬಿಡೂದಿಲ್ಲ. ಎಲ್ಲೋ ಒಂದ ಕೂಸು ಈಗ ಆರಾಮ ಕಾಣಾಕತ್ತಿರತೈತಿ. ಅದು ನೀಲಿ ಆದ ಮ್ಯಾಲೆನ ನಮಗ ತಿಳಿಯೂದು."

ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

"ನಾಳೆ ಸಂಜೀತನಕ," ಎಂದರು ಕೊನೆಗೆ. "ಆಮ್ಯಾಲೆ ನಾ ನನ್ನ ಕೆಲಸ ಮಾಡತೇನಿ."

ಸವಣೂರಿನಲ್ಲಿ ಆಯಿಯ ಮನೆ ಎಲೆತೋಟಗಳ ಅಂಚಿಗಿತ್ತು. ಎರಡು ಅಂಕಣದ ಮನೆ, ಮುಂದೆ ಕಟ್ಟೆ. ಅಣ್ಣನ ಮನೆ ಪಕ್ಕದಲ್ಲೇ. ಬಾಗಿಲ ಹತ್ತಿರ ಬಟ್ಟೆಗಂಟು ಕಟ್ಟಿಟ್ಟಿದ್ದಳು.

"ಬಾ ಯವ್ವಾ, ಕುಂದ್ರು. ಮುಂಜಾನೆ ಬಚ್ಚಲಕಡೆ ನಿಂತಾಕಿ ನೀನ ಅಲ್ಲೇನು?"

ಕೆಮ್ಮಿನ ಬಗ್ಗೆ ಕೇಳಿದೆ. ತಿಂಗಳ ಮೇಲಾಯಿತು ಎಂದಳು. ಮೆಣಸಿನಕಾಯಿ ಘಾಟಿನದು. ಹಗಲು ಹೇಗೋ ತಡೆಯುತ್ತದೆ, ಮಲಗಿದರೆ ಬಿಡುವುದಿಲ್ಲ, ಕೆಮ್ಮಿ ಕೆಮ್ಮಿ ಉಂಡದ್ದೆಲ್ಲ ಹೊರಗೆ. ಅದಕ್ಕಿಂತ ಹೆಚ್ಚು ಕೇಳುವ ಅಗತ್ಯವೇ ಇರಲಿಲ್ಲ.

ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ಎದುರು ಕೂತಾಗ ಯಾವುದೂ ನೆನಪಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ ಕೆಮ್ಮು ದೊಡ್ಡವರನ್ನು ಕಾಡುತ್ತದೆ, ಕೊಲ್ಲುವುದಿಲ್ಲ. ಹಸಿಗೂಸಿನ ಉಸಿರು ನಿಲ್ಲಿಸುತ್ತದೆ. ತಿಳವಳ್ಳಿಯ ಕೂಸು, ಹಾನಗಲ್ಲಿನ ಕೂಸು ಆಸ್ಪತ್ರೆಯಲ್ಲಿವೆ. ಎರಡಕ್ಕೂ ಎರೆದದ್ದು ನೀವು.

ಆಯಿ ಎದ್ದು ನಿಂತಳು.

"ನಾ ಮುಟ್ಟಿದ ಕೂಸು ಸಾಯ್ತಾವಂತಿಯೇನು? ನಾ ಎರದ ಕೂಸುಗಳು ಇವತ್ತು ಮೊಮ್ಮಕ್ಕಳನ್ನ ಆಡಸಾಕತ್ತಾವ. ಏಳು. ಏಳ ಮೊದಲ, ಹೊರಗ ನಡಿ."

ನಾನು ಏಳಲಿಲ್ಲ. "ನಿಮ್ಮ ಕೈಯಿಂದ ಆಗಿದ್ದಲ್ಲ ಆಯಿ, ಉಸಿರಿನಿಂದ ಆಗಿದ್ದು. ನಿಮಗೂ ಯಾರೋ ಕೊಟ್ಟದ್ದು. ಅವರಿಗೂ ಗೊತ್ತಿರಲಿಕ್ಕಿಲ್ಲ."

ಆಕೆಯ ಸಿಟ್ಟು ಕೆಮ್ಮಾಗಿ ತಿರುಗಿತು. ಗೋಡೆ ಹಿಡಿದು ಕೆಮ್ಮಿದಳು. ನೀರು ಕೊಟ್ಟೆ. ಕುಡಿದು, ಕಟ್ಟೆಯ ಮೇಲೆ ಕೂತು, ಬಹಳ ಮೆಲ್ಲಗೆ ಕೇಳಿದಳು.

"ಬಂಕಾಪುರದ ಕಡೆ ಆ ಹೆಣ್ಣ ಕೂಸು?"

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಸುಳ್ಳು ಹೇಳುವುದು ಸುಲಭವಾಗಿತ್ತು. "ಗೊತ್ತಿಲ್ಲ ಆಯಿ. ಆ ಕೂಸಿನ ಪರೀಕ್ಷೆ ಆಗಿಲ್ಲ, ಇನ್ನ ಆಗೂದೂ ಇಲ್ಲ. ಇರಬೌದು. ಅಲ್ಲ ಅಂತ ಹೇಳಾಕ ನನಗ ಬರೂದಿಲ್ಲ."

ಸೆರಗು ಬಾಯಿಗೆ ತುರುಕಿಕೊಂಡಳು. ಪಕ್ಕದ ತೋಟದಲ್ಲಿ ಯಾರೋ ಎಲೆ ಕೊಯ್ಯುತ್ತ ಮಾತಾಡಿಕೊಳ್ಳುತ್ತಿದ್ದರು. ಕೊನೆಗೆ ತಾನೇ ಮುಖ ಎತ್ತಿ, "ಅದೇನೋ ಮೂಗಿಗೆ ಕಡ್ಡಿ ಹಾಕತಿ ಅಲ್ಲ, ಹಾಕು," ಎಂದಳು.

ಮಾದರಿ ತೆಗೆದೆ, ಆರೋಗ್ಯಾಧಿಕಾರಿ ಬರೆದುಕೊಟ್ಟಿದ್ದ ಔಷಧದ ಮೊದಲ ಗುಳಿಗೆ ಕೊಟ್ಟೆ. ಈ ತಿಂಗಳು ಎರೆದ ಮನೆಗಳನ್ನು ಹೇಳಿದಳು. ನಮಗೆ ತಿಳಿದಿದ್ದ ಮನೆಗಳ ಜೊತೆ ಇನ್ನೊಂದಿತ್ತು. ಹಿರೇಕೆರೂರಿನ ಆಚೆ, ಬೀಜದ ಹತ್ತಿ ಬೆಳೆಯುವ ಹಳ್ಳಿ. ಎರಡು ವಾರದ ಕೂಸು. ಅಲ್ಲಿಂದ ಬಂದು ಹತ್ತು ದಿನವೂ ಆಗಿರಲಿಲ್ಲ. ಬಾಗಿಲ ಹತ್ತಿರದ ಗಂಟು ಮರುದಿನ ಇನ್ನೊಂದು ಬಾಣಂತಿ ಮನೆಗೆ ಹೋಗಲು ಕಟ್ಟಿದ್ದು. ನಾನು ಹೇಳುವ ಮೊದಲೇ ಅದನ್ನು ಕಾಲಿಂದ ಒಳಗೆ ಸರಿಸಿದಳು.

"ಹಿರೇಕೆರೂರಿಗೆ ಈಗ ಹೋಗತೇವಿ," ಎಂದೆ.

"ನೀವಷ್ಟ ಹೋದ್ರ ಆ ಅತ್ತಿ ಬಾಗಲಾ ತಗಿಯೂದಿಲ್ಲ. ಭಾಳ ಗಡಸ ಹೆಂಗಸು. ಸೂಜಿ ಸುದ್ದಿ ಆ ಊರಿಗೂ ಮುಟ್ಟೇತಿ. ನಾ ಬರ್ತೇನಿ."

ಸೋಂಕಿರುವವರನ್ನು ಕೂಸಿನ ಮನೆಗೆ ಕರೆದೊಯ್ಯುವುದು ಯಾವ ನಿಯಮದಲ್ಲೂ ಇಲ್ಲ. ನಮ್ಮ ನರ್ಸ್ ಬೇಡವೆಂದರು. ನಾನೂ ಹಿಂದುಮುಂದು ನೋಡಿದೆ. ಸಂಜೆಯಾಗುತ್ತಿತ್ತು. ಹಿರೇಕೆರೂರಿನ ಕಡೆಯ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ನೋಡಿಬರಲು ಕಳಿಸಿದೆವು. ಅಂಗಳದಿಂದಲೇ ಅವರನ್ನು ವಾಪಸ್ಸು ಕಳಿಸಿದ್ದರು. ಒಳಗೆ ಕೂಸು ಸೀನುವುದು ಕೇಳಿಸಿತು ಎಂದರು. ನೆಗಡಿಯ ಹಾಗೆ ಕಾಣುವ ಆ ಮೊದಲ ಕೆಲವು ದಿನಗಳಲ್ಲೇ ಔಷಧ ಕೆಲಸ ಮಾಡುವುದು. ತಡವಾದಷ್ಟೂ ಅದರ ಉಪಯೋಗ ಕಡಿಮೆ. ಆಯಿಯನ್ನು ಕರೆದೊಯ್ಯಲು ನಾನು ನಿರ್ಧರಿಸಿದೆ.

ರಾತ್ರಿ ಆ ಮನೆಯ ಬಾಗಿಲು ತೆಗೆಯುವುದಿಲ್ಲವೆಂದು ಮರುದಿನ ಬೆಳಗ್ಗೆ ಬೇಗ ಹೊರಟೆವು. ಆಯಿ ಬಿಗಿಯಾದ ಮಾಸ್ಕ್ ಹಾಕಿಕೊಂಡು ಹಿಂದಿನ ಸೀಟಿನ ಕೊನೆಗೆ, ಗಾಡಿಯ ಕಿಟಕಿಗಳೆಲ್ಲ ತೆರೆದೇ. ಚಾಲಕನೂ ಸೇರಿ ನಾವೆಲ್ಲ ಔಷಧ ತೆಗೆದುಕೊಂಡಿದ್ದೆವು. ದಾರಿಯಲ್ಲಿ ಆಯಿ ಕೆಮ್ಮು ಬಂದಾಗ ಗಾಡಿ ನಿಲ್ಲಿಸಲು ಕೈಸನ್ನೆ ಮಾಡಿ, ಇಳಿದು, ಹೊಲದ ಬದುವಿಗೆ ಹೋಗಿ ಕೆಮ್ಮಿ ಬರುತ್ತಿದ್ದಳು.

ಆ ಮನೆಯ ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಆರಾಮ ಇರೋ ಕೂಸಿಗೆ ಔಷಧ ಯಾಕ್ರಿ? ಬಂಕಾಪುರದ ಕಡೆ ನಿಮ್ಮಂಥವರ ಕೈಲೆ ಒಂದ್ ಕೂಸು ಹೋತಂತಲ್ಲ. ನಮ್ಮನಿಗೆ ಬರಬ್ಯಾಡ್ರಿ."

"ಇದು ಸೂಜಿ ಅಲ್ರಿ ಅಮ್ಮಾರ, ಕುಡಿಯೂ ಔಷಧ..."

"ಯಾವುದೂ ಬ್ಯಾಡ. ನಡೀರಿ."

ಮಾತಿಗೆ ಅಕ್ಕಪಕ್ಕದವರು ಸೇರತೊಡಗಿದರು. ಕೂಸಿನ ದೊಡ್ಡಪ್ಪ ಹಿತ್ತಲಿನಿಂದ ಬಂದು ದನಿ ಏರಿಸಿದ. ಆಗ ಆಯಿ ಗಾಡಿಯಿಂದ ಇಳಿದಳು. ಮನೆಯ ಹತ್ತಿರ ಬರಲಿಲ್ಲ. ಅಂಗಳದ ಆಚೆ, ಬೇಲಿಯ ಪಕ್ಕ ನಿಂತು, ಎಲ್ಲರಿಗೂ ಕೇಳುವಂತೆ ಕೂಗಿದಳು.

"ಬೀಗತಿ, ನನ್ನ ಮಾತ ಕೇಳು. ನನಗ ನಾಯಿಕೆಮ್ಮು ಐತಿ. ನಿನ್ನ ಮನ್ಯಾಗಿದ್ದಾಗೂ ಇತ್ತು. ನನಗ ಗೊತ್ತಿದ್ದಿಲ್ಲ. ನಾ ಆ ಕೂಸಿನ ಮೂಗಿನಾಗ ಊದೇನಿ. ನಾ ಎರದ ಎರಡ ಕೂಸು ದವಾಖಾನ್ಯಾಗ ಅದಾವ. ಸೂಜಿದಲ್ಲ, ನನ್ನ ಕೆಮ್ಮಿಂದು. ಇವರು ಕೊಟ್ಟಿದ್ದನ್ನ ಕುಡಸು."

ದೊಡ್ಡಪ್ಪ ಆಕೆಯ ಕಡೆಗೆ ಎರಡು ಹೆಜ್ಜೆ ಹಾಕಿದ. "ಏನಂದಿ? ಕೆಮ್ಮ ಹಚಗೊಂಡು ನಮ್ಮನಿಗೆ ಬಂದಿದ್ದಿಯೇನು?" ಚಾಲಕ ಗಾಡಿ ಬಿಟ್ಟು ನಡುವೆ ಬಂದು ನಿಂತ. ಆಯಿ ಹಿಂದೆ ಸರಿಯಲಿಲ್ಲ, ಏನೂ ಸಮಜಾಯಿಷಿ ಕೊಡಲಿಲ್ಲ. ಯಾರೋ ಬೈದರು. ಅತ್ತೆ ಯಾರನ್ನು ನಂಬಬೇಕೋ ತಿಳಿಯದೆ ಆಕೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದರು.

ಅಷ್ಟರಲ್ಲಿ ಒಳಗಿನಿಂದ ಬಾಣಂತಿ ಬಂದಳು. ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಎದೆಗೆ ಒತ್ತಿಕೊಂಡು, ಅತ್ತೆಯ ಪಕ್ಕದಿಂದ ಹಾದು ಹೊಸ್ತಿಲು ದಾಟಿದಳು.

"ನಿನ್ನೆಯಿಂದ ಮೂಗು ಸೋರಾಕತ್ತೇತ್ರಿ. ಮಲೀ ಬಿಟ್ಟ ಬಿಟ್ಟ ಕುಡೀತೈತಿ. ಏನ್ ಕುಡಸಬೇಕು ಕೊಡ್ರಿ," ಎಂದು ಕೈ ಚಾಚಿದಳು.

ಅತ್ತೆ ಬಾಗಿಲು ಬಿಟ್ಟರು.

ತೂಗುತಕ್ಕಡಿಯ ಜೋಲಿಯಲ್ಲಿ ಕೂಸನ್ನು ತೂಗಿ, ತೂಕಕ್ಕೆ ತಕ್ಕ ಪ್ರಮಾಣ ಲೆಕ್ಕಹಾಕಿ, ಸಿರಿಂಜಿನಿಂದ ಕೆನ್ನೆಯ ಒಳಬದಿಗೆ ಹನಿಹನಿಯಾಗಿ ಬಿಟ್ಟೆವು. ಕೆಲವೇ ನಿಮಿಷದಲ್ಲಿ ಕೂಸು ಅದನ್ನೆಲ್ಲ ಕಾರಿತು. "ನೋಡ್ರಿ, ನಾ ಹೇಳಿದ್ದೆ," ಎಂದು ಅತ್ತೆ ಮತ್ತೆ ದನಿ ಎತ್ತಿದರು. ತಿಂಗಳೊಳಗಿನ ಕೂಸಿಗೆ ಈ ಔಷಧ ಕೊಟ್ಟಾಗ ವಾಂತಿಯ ಮೇಲೆ ಕಣ್ಣಿಡಬೇಕು, ಅಪರೂಪಕ್ಕೆ ಜಠರದ ಬಾಯಿ ಬಿಗಿಯುವುದುಂಟು. ಆದರೆ ಅದು ಕಾಣಿಸುವುದು ಹೀಗೆ ಕೂಡಲೇ ಅಲ್ಲ. ಸ್ವಲ್ಪ ಬಿಟ್ಟು, ಕೂಸನ್ನು ನೆಟ್ಟಗೆ ಹಿಡಿಸಿ ಮತ್ತೆ ಕೊಟ್ಟೆವು. ಈ ಸಲ ನಿಂತಿತು. ಮಧ್ಯಾಹ್ನದವರೆಗೆ ಆ ಕಟ್ಟೆಯ ಮೇಲೆ ಕೂತು ಅದರ ಎದೆ ಏರುವುದನ್ನು, ಇಳಿಯುವುದನ್ನು ನೋಡಿದೆವು. ಆಯಿ ಅಷ್ಟೂ ಹೊತ್ತು ಗಾಡಿಯ ನೆರಳಲ್ಲಿ ನಿಂತಿದ್ದಳು. ಹೊರಡುವಾಗ ಬಾಣಂತಿ ಅತ್ತ ನೋಡಿದಳು.

ಸಂಜೆ ಆರೋಗ್ಯಾಧಿಕಾರಿಗೆ ವರದಿ ಒಪ್ಪಿಸಲು ಹೋದರೆ ಸುದ್ದಿ ನನಗಿಂತ ಮೊದಲು ತಲುಪಿತ್ತು. "ಆಕಿನ ಹೇಳಿದ್ಲಂತ?" ಎಂದು ಕೇಳಿದರು. ಹೌದೆಂದೆ. ಅವರು ಡಂಗುರ ಹೊಡೆಸಲಿಲ್ಲ, ಅದರ ಅಗತ್ಯ ಉಳಿದಿರಲಿಲ್ಲ. ಸವಣೂರಿಗೆ ಒಬ್ಬ ಆರೋಗ್ಯ ಸಹಾಯಕನನ್ನು ಕಳಿಸಿ, ಆಯಿಯ ಮನೆಯ ಹತ್ತಿರ ಯಾರೂ ಗಲಾಟೆ ಮಾಡದಂತೆ ನೋಡಿಕೊಂಡರು. ಆದರೂ ಒಂದು ಸಂಜೆ ಇಬ್ಬರು ಬಂದು ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದು ಹೋದರಂತೆ.

ಹಾನಗಲ್ಲಿನ ಕೂಸಿನ ಮಾದರಿಯಲ್ಲಿ ನಾಯಿಕೆಮ್ಮಿನ ರೋಗಾಣು ಖಚಿತವಾಯಿತು. ಆಯಿಯ ಮಾದರಿಯಲ್ಲೂ ಸಿಕ್ಕಿತು. ತಿಳವಳ್ಳಿಯ ಕೂಸಿನದು, ನಿರೀಕ್ಷಿಸಿದಂತೆ, ಏನೂ ಹೇಳಲಿಲ್ಲ. ಅದು ಬಹಳ ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋಯಿತು. ಹಿರೇಕೆರೂರಿನ ಕೂಸು ಕೆಲವು ದಿನ ಕೆಮ್ಮಿತು, ಒಮ್ಮೆಯೂ ನೀಲಿಗಟ್ಟಲಿಲ್ಲ. ಬಂಕಾಪುರದ ರಸ್ತೆಯ ಕೂಸಿಗೆ ಏನೂ ಆಗಲಿಲ್ಲ. ಔಷಧ ಕುಡಿದ ಮಕ್ಕಳನ್ನೆಲ್ಲ ನಮ್ಮ ಅಧ್ಯಯನದಿಂದ ಕೈಬಿಡಬೇಕಾಯಿತು. ಮುಖ್ಯ ಸಂಶೋಧಕರು ಬೇಸರದಿಂದಲೇ ಒಪ್ಪಿದರು. ಆಯಿ ಗುಣವಾದಳು. ಆ ವರ್ಷ ಮಾತ್ರ ಆಕೆಯನ್ನು ಎರೆಯಲು ಯಾರೂ ಕರೆಯಲಿಲ್ಲ.

ನನಗಿನ್ನೊಂದು ಕೆಲಸ ಉಳಿದಿತ್ತು. ಕೂಸು ಕಳೆದುಕೊಂಡ ಮನೆಗೆ ಹೋದೆ. ಆಶಾ ಕಾರ್ಯಕರ್ತೆ ಜೊತೆಗೆ ಬಂದರು. ತಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು, ಅತ್ತೆ ಬಾಗಿಲಲ್ಲಿ ಕೂತಿದ್ದರು. ಇಬ್ಬರಿಗೂ ಕೇಳುವಂತೆ ಹೇಳಿದೆ.

"ದೊಡ್ಡಾಕಿಗೆ ಸೂಜಿ ಮಾಡಿಸಿದ್ದಕ್ಕೂ ಸಣ್ಣಾಕಿ ಹೋಗಿದ್ದಕ್ಕೂ ಸಂಬಂಧ ಇಲ್ಲವ್ವಾ. ಒಬ್ಬರಿಗೆ ಮಾಡಿದ ಸೂಜಿ ಇನ್ನೊಬ್ಬರಿಗೆ ತಟ್ಟೂದಿಲ್ಲ. ನೀನು ಮಾಡಿದ್ದು ಸರೀನ ಐತಿ. ಕೂಸಿಗೆ ಬಂದಿದ್ದು ಬಹುಶಃ ಕೆಮ್ಮಿನ ಬ್ಯಾನಿ. ಪರೀಕ್ಷೆ ಆಗಿಲ್ಲ, ಅದಕ್ಕ ಇಷ್ಟ ಹೇಳಬಲ್ಲೆ."

ಅತ್ತೆ ನೆಲ ನೋಡಿದರು. ತಾಯಿ ಮೊರ ಕೆಳಗಿಟ್ಟಳು.

"ಆಯಿ ಬಂದಿದ್ಲ್ರಿ," ಎಂದಳು.

ನನಗದು ಗೊತ್ತಿರಲಿಲ್ಲ. "ಇಲ್ಲಿಗೆ?"

"ಹೂಂ. ಬಸ್ಸಿಗೆ ಬಂದು ಅಲ್ಲಿ ನಿಂತು ಹೇಳಿದ್ಲು. ನನ್ನಿಂದ ಆಗಿರಬೌದು ಅಂತ. ಕೇಳಿದೆ. ಒಳಗ ಬಾ ಅನ್ನಾಕ ನನಗ ಬಾಯಿ ಬರಲಿಲ್ರಿ. ಹೋಗು ಅನ್ನಾಕೂ ಬರಲಿಲ್ಲ. ಒಂದ್ ಚರಗಿ ನೀರು ಕೊಟ್ಟೆ. ಕುಡದು ಹೋದ್ಲು."

ಆಕೆ ಮೊರವನ್ನು ಮತ್ತೆ ಎತ್ತಿಕೊಂಡು ಎರಡು ಸಲ ಕೇರಿ ಕೇಳಿದಳು. "ದೊಡ್ಡಾಕಿಗೆ ದಡಾರದ ಸೂಜಿ ಅವತ್ತ ಖಾಲಿ ಆಗಿತ್ತಂತ ಉಳಿದೈತ್ರಿ. ಮಾಡತೀರೇನು?"

"ಈ ಗುರುವಾರ ಬಾ," ಎಂದರು ಆಶಾ ಕಾರ್ಯಕರ್ತೆ.

ಗುರುವಾರ ನಾನೂ ಆ ಅಂಗನವಾಡಿಗೆ ಹೋದೆ. ಚಾಪೆಯ ಮೇಲೆ ಮೂವರು ತಾಯಂದಿರಿದ್ದರು. ಬಿಸಿಲೇರಿದ ಮೇಲೆ ಆ ಮನೆಯವರು ಬಂದರು. ತಾಯಿ ಹಿಂದೆ ಇದ್ದಳು. ಮೊಮ್ಮಗಳನ್ನು ಬಗಲಲ್ಲಿ ಎತ್ತಿಕೊಂಡು ಮುಂದೆ ಬರುತ್ತಿದ್ದವರು ಅತ್ತೆ. ಯಾರ ಮುಖವನ್ನೂ ನೋಡದೆ ನೇರ ಒಳಗೆ ಬಂದು, ಚಾಪೆಯ ಮೇಲೆ ಕೂತು, ಹುಡುಗಿಯ ಅಂಗಿಯ ತೋಳು ಮೇಲಕ್ಕೆ ಸರಿಸಿ ಗಟ್ಟಿಯಾಗಿ ಹಿಡಿದುಕೊಂಡರು.

"ಮಾಡ್ರಿ," ಎಂದರು.